ಗಾಳಿಗೆ ನಿಲ್ಲದ ಮನೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಮೊಬೈಲ್ ಹೋಮ್’ ಎಂಬೊಂದು ಬಗೆಯ ಮನೆಯುಂಟು. ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಅದನ್ನು ಕಟ್ಟಿ, ಗಾಲಿಗಳ ಮೇಲೆ ಎಳೆದು ತಂದು, ನಿವೇಶನದಲ್ಲಿ ಮೋಟು ಕಂಬಗಳ ಮೇಲೆ ನಿಲ್ಲಿಸುವರು. ಬೆಲೆ ಕಡಿಮೆಯಾದುದರಿಂದ ಅಲ್ಪ ವರಮಾನದವರಿಗೆ ಅದೊಂದು ಆಸರೆ. ಆದರೆ ಅಟ್ಲಾಂಟಿಕ್ ಸಾಗರದಿಂದ ‘ಹರಿಕೇನ್’ ಎಂಬ ಚಂಡಮಾರುತವು ಬಂದಾಗ ಆ ಆಸರೆಯೇ ಅಪಾಯಕರವಾಗುವುದು.

ಇದಕ್ಕೆ ಕಾರಣವೇನು? ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುವುದು. ಗಂಟೆಗೆ 60 ಮೈಲಿಯ ಗಾಳಿ 120 ಮೈಲಿಗೇರಿದರೆ ಒತ್ತಡವು ಇಮ್ಮಡಿಯಲ್ಲ, ನಾಲ್ವಡಿಯಾಗುವುದು. ಈ ಮನೆಯ ಗೋಡೆ ಉದ್ದ, ತೂಕವೋ ಕಡಿಮೆ. ಗಾಳಿಯು ಗೋಡೆಯನ್ನು ನೂಕುವುದು. ಮಾಡನ್ನು ಮೇಲಕ್ಕೆ ಸೆಳೆಯುವುದು. ನೆಲಕ್ಕೂ ಮನೆಗೂ ನಡುವಣ ತೆರಪಿನಲ್ಲಿ ನುಗ್ಗಿ ಎತ್ತುವುದು. ಉಕ್ಕಿನ ಪಟ್ಟಿಗಳಿಂದ ನೆಲಕ್ಕೆ ಬಿಗಿದಿದ್ದರೂ, ಮಳೆಯಲ್ಲಿ ನೆನೆದ ಮಣ್ಣು ಗೂಟದ ಹಿಡಿತವನ್ನು ಸಡಿಲಿಸಬಹುದು.

1992ನೆಯ ಆಗಸ್ಟ್ 24ರಂದು ‘ಆಂಡ್ರೂ’ ಹರಿಕೇನು ದಕ್ಷಿಣ ಫ್ಲೋರಿಡಕ್ಕೆ ಅಪ್ಪಳಿಸಿತು. ಹೋಮ್‌ಸ್ಟೆಡ್ ಪಟ್ಟಣದಲ್ಲಿದ್ದ 1176 ಮೊಬೈಲ್ ಹೋಮುಗಳಲ್ಲಿ 1167 ಸಂಪೂರ್ಣವಾಗಿ ನಾಶವಾದುವು. ಬಳಿಕ, 1994ರಲ್ಲಿ ಅಲ್ಲಿನ ಸರಕಾರವು ಇಂತಹ ಮನೆಗಳ ನಿರ್ಮಾಣದ ನಿಯಮಗಳನ್ನು ಬಿಗಿಗೊಳಿಸಿತು. ಹೊಸ ಮನೆಗಳು ಗಟ್ಟಿಯಾದುವು. ಹಿಂದೆ ಕಟ್ಟಿದವು ಹಾಗೆಯೇ ಉಳಿದುವು. ಆದುದರಿಂದ ಮನೆ ಹೊಸದಿರಲಿ, ಹಳೆಯದಿರಲಿ, ಎಚ್ಚರಿಕೆಯ ಆದೇಶ ಬಂದೊಡನೆ ಅದನ್ನು ತೊರೆದು ಭದ್ರವಾದ ಕಟ್ಟಡವನ್ನು ಸೇರತಕ್ಕದ್ದೆಂದು ಅಧಿಕಾರಿಗಳು ವಿಧಿಸುವರು.

ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದುದಿಷ್ಟೆ: ಬಡವನಿಗೆ ಅಗ್ಗದ ಸೂರೊಂದು ದೊರೆತರೆ ಸಾಲದು, ಆ ಸೂರು ನಿಲ್ಲಲಾರದ ದಿನದಂದು ಹೋಗಿ ಸೇರಲು ಗಟ್ಟಿಮುಟ್ಟಾದ ಸಾರ್ವಜನಿಕ ಆಶ್ರಯವೂ, ಅಲ್ಲಿಗೆ ತಲಪುವಷ್ಟು ಕಾಲಾವಕಾಶವೂ ಅವನಿಗೆ ಇರಬೇಕು.