ಮನೆಯಲ್ಲಿಯೇ ಮುದ್ರಿತವಾಗುವ ಅಂಚೆಸುಂಕ

ಅಂಚೆಚೀಟಿ ಎಂದರೇನು? ಸುಂಕವನ್ನು ಮುಂಗಡವಾಗಿ ಸಲ್ಲಿಸಿದ್ದಾಯಿತು ಎಂಬುದಕ್ಕೆ ಅಂಚೆಯ ಇಲಾಖೆ ಕೊಡುವ ರಸೀತಿ. ರೋಲೆಂಡ್ ಹಿಲ್ ಎಂಬಾತನ ಯೋಜನೆಯಂತೆ 1840ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಹೊರಬಿದ್ದ ಒಂದು ಪೆನ್ನಿ ಬೆಲೆಯ ಕಪ್ಪು ಚೀಟಿಯೇ ಈ ಜಾತಿಯ ಮೂಲಪುರುಷ. ಅದನ್ನು ಖೋಟಾ ಮಾಡದಂತೆ ತಡೆಯಲು ರಾಣಿಯ ಮುಖವನ್ನು ಉಕ್ಕಿನಲ್ಲಿ ನವುರಾಗಿ ಕೊರೆಯಿಸಿದರು. ಕಾಗದದೊಳಗೆ ಕಿರೀಟದ ನೀರಚ್ಚನ್ನು ಇರಿಸಿದರು. ಕೆಳಗಿನ ಎರಡು ಮೂಲೆಗಳಲ್ಲಿ ಚೀಟಿಯಿಂದ ಚೀಟಿಗೆ ಬದಲಾಗುವ ಅಕ್ಷರಗಳನ್ನು ಅಚ್ಚೊತ್ತಿದರು. ಆದರೂ ಕಳ್ಳರಿಗೆ ಇನ್ನೊಂದು ದಾರಿ ಉಳಿದಿತ್ತು. ಕಪ್ಪು ಚೀಟಿಯ ಮೇಲೆ ಒತ್ತುತ್ತಿದ್ದ ಕೆಂಪು ಮುದ್ರೆಯನ್ನು ತೊಳೆದು, ಅದೇ ಚೀಟಿಯನ್ನು ಮತ್ತೆ ಅಂಟಿಸಬಹುದಾಗಿತ್ತು. ಆದುದರಿಂದಲೇ 1841ರಲ್ಲಿ ಚೀಟಿ ಕೆಂಪಾಯಿತು, ಮುದ್ರೆ ಕಪ್ಪಾಯಿತು.

ಓದುಗರು ಈ ಎರಡು ಅಪಾಯಗಳನ್ನು ನೆನಪಿನಲ್ಲಿಡಬೇಕು: ಇಲ್ಲದ ಚೀಟಿಯನ್ನು ಸೃಷ್ಟಿಸುವುದು ಒಂದು, ಇರುವ ಚೀಟಿಯನ್ನು ಎರಡು ಸಲ ಬಳಸುವುದು ಮತ್ತೊಂದು. ಮುಂದಿನ ಕಥೆಯೆಲ್ಲವೂ ಇವೆರಡರ ಸುತ್ತಲೇ ತಿರುಗುತ್ತದೆ.

ನಿತ್ಯವೂ ನೂರಾರು ಕಾಗದಗಳನ್ನು ಕಳುಹಿಸುವ ಕಚೇರಿಗಳಿಗೆ ಚೀಟಿ ಅಂಟಿಸುವುದೇ ಒಂದು ಶಿಕ್ಷೆ. ಷಿಕಾಗೋ ನಗರದ ಆರ್ಥರ್ ಪಿಟ್ನಿ 1902ರಲ್ಲಿ ಇದಕ್ಕೊಂದು ಯಂತ್ರದ ಹಕ್ಕುಪತ್ರ ಪಡೆದನು. ವಾಲ್ಟರ್ ಬೋಸ್ ಎಂಬಾತನೊಡನೆ ಕೂಡಿ ಸಂಸ್ಥೆ ಕಟ್ಟಿದ ಬಳಿಕ, 1920ರಲ್ಲಿ ಅಮೆರಿಕದ ಅಂಚೆ ಇಲಾಖೆ ಅಂಥ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಮೊಹರು ಮಾಡಿದ ಪೆಟ್ಟಿಗೆಯೊಳಗೆ ಎರಡು ಎಣಿಕೆಗಳು: ಈವರೆಗೆ ಖರ್ಚಾದುದನ್ನು ತೋರಿಸುವ ಏರುವ ಲೆಕ್ಕ, ಉಳಿದಿರುವುದನ್ನು ತೋರಿಸುವ ಇಳಿಯುವ ಲೆಕ್ಕ. ಅಲ್ಲಿ ನಂಬಿಕೆ ನಿಂತಿದ್ದುದು ಆ ಮೊಹರಿನ ಮೇಲೆ. ಯಂತ್ರವೇನೋ ಸೊಗಸಾದುದು, ಆದರೆ ದಿನಕ್ಕೆ ಹತ್ತು ಪೊಟ್ಟಣ ಕಳುಹಿಸುವ ಚಿಕ್ಕ ವ್ಯಾಪಾರಿಗೆ ಅದರ ಬಾಡಿಗೆಯೇ ಭಾರ.

ಆ ವ್ಯಾಪಾರಿಯ ಮೇಜಿನ ಮೇಲೆ ಕಂಪ್ಯೂಟರೂ ಮುದ್ರಕವೂ ಬಂದ ಮೇಲೆ, ಸುಂಕವನ್ನು ಅಲ್ಲಿಯೇ ಏಕೆ ಮುದ್ರಿಸಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆದರೆ ಸಾಧಾರಣ ಶಾಯಿ, ಸಾಧಾರಣ ಕಾಗದ; ನಕಲು ಮಾಡಲು ಕ್ಷಣ ಸಾಕು. ಶಾಯಿಯನ್ನು ಕಾಯುವುದು ಅಸಾಧ್ಯವಾದರೆ ಅದು ಹೇಳುವ ಸಂಖ್ಯೆಯನ್ನು ಕಾಯಬೇಕು. ಗೂಢಲಿಪಿಯ ಶಾಸ್ತ್ರವನ್ನು ಅಂಚೆಸುಂಕಕ್ಕೆ ಅನ್ವಯಿಸುವ ಮಾರ್ಗವನ್ನು 1990ರ ದಶಕದಲ್ಲಿ ವಿವರಿಸಿದವರಲ್ಲಿ ಟೈಗರ್ ಮತ್ತು ಯೀ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಸೇರಿದ್ದಾರೆ.

ಆ ಶಾಸ್ತ್ರದ ತಿರುಳನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯೋಣ. ಮಾರಾಟ ಮಾಡುವವನ ಬಳಿ 7 ಎಂಬ ಗುಪ್ತ ಸಂಖ್ಯೆ ಇದೆಯೆನ್ನಿ. ಎಲ್ಲರಿಗೂ ಗೊತ್ತಿರುವ ಬಹಿರಂಗ ಸಂಖ್ಯೆಗಳು 3 ಮತ್ತು 33. ಅವನು 4 ಎಂಬ ಸಂದೇಶಕ್ಕೆ ಸಹಿ ಹಾಕಬೇಕು. 4ರ ಏಳನೆಯ ಘಾತ 16384; ಅದನ್ನು 33ರಿಂದ ಭಾಗಿಸಿದರೆ ಶೇಷ 16. ಇದೇ ಸಹಿ. ಪರೀಕ್ಷಕನು 16ರ ಮೂರನೆಯ ಘಾತವನ್ನು, ಅಂದರೆ 4096ನ್ನು, 33ರಿಂದ ಭಾಗಿಸಿದರೆ ಶೇಷ 4 ಬರುತ್ತದೆ, ಸಂದೇಶದೊಡನೆ ತಾಳೆಯಾಯಿತು. ಯಾರಾದರೂ ಸಂದೇಶವನ್ನು 5 ಎಂದು ತಿದ್ದಿ ಅದೇ ಸಹಿಯನ್ನು ಉಳಿಸಿದರೆ ತಾಳೆ ತಪ್ಪಿ ಕಳ್ಳತನ ಬಯಲಾಗುತ್ತದೆ. 33 ಎಂಬುದು 3 ಮತ್ತು 11ರ ಗುಣಲಬ್ಧವೆಂದು ಶಾಲಾಬಾಲಕನೂ ಕಂಡು ಗುಪ್ತ ಸಂಖ್ಯೆಯನ್ನು ಹೊರಗೆಳೆಯಬಲ್ಲನು. ಆದುದರಿಂದ ನಿಜವಾದ ಬಳಕೆಯಲ್ಲಿ ನೂರಾರು ಅಂಕಿಗಳ ಸಂಖ್ಯೆಗಳನ್ನು ಆರಿಸುತ್ತಾರೆ.

1999ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಂಚೆ ಸೇವೆ ಈ ಬಗೆಯ ಸುಂಕವನ್ನು ಮಾರಲು ಎರಡು ಸಂಸ್ಥೆಗಳಿಗೆ ಅನುಮತಿ ನೀಡಿತು. ಒಂದು ಈ-ಸ್ಟ್ಯಾಂಪ್; ಇದು ಹಣದ ಲೆಕ್ಕವನ್ನು ಗ್ರಾಹಕನ ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸಾಧನದಲ್ಲಿ ಬಚ್ಚಿಡುತ್ತಿತ್ತು. ಇನ್ನೊಂದು ಸ್ಟ್ಯಾಂಪ್ಸ್.ಕಾಮ್, ಇದು ಲೆಕ್ಕವನ್ನೆಲ್ಲ ತನ್ನ ಕೇಂದ್ರದಲ್ಲಿಯೇ ಇಟ್ಟುಕೊಂಡಿತು. ಗ್ರಾಹಕನು ಸಾಧನವನ್ನು ಕೊಳ್ಳಬೇಕಾಗಿಲ್ಲದ ಎರಡನೆಯ ಮಾರ್ಗವೇ ಉಳಿದುಕೊಂಡಿತು. 2001ರಲ್ಲಿ ಈ-ಸ್ಟ್ಯಾಂಪಿನ ಹೆಸರನ್ನೂ ಹಕ್ಕುಪತ್ರಗಳನ್ನೂ ಸ್ಟ್ಯಾಂಪ್ಸ್.ಕಾಮ್ ಕೊಂಡಿತು.

ಲಕೋಟೆಯ ಮೇಲೆ ಮುದ್ರಿತವಾಗುವುದು ಕಪ್ಪು ಬಿಳಿ ಮನೆಗಳ ಒಂದು ಸಣ್ಣ ಚೌಕ. ಅದರ ಎರಡು ಅಂಚುಗಳು ತುಂಬಿದ ಕಪ್ಪು ಗೆರೆಗಳು. ಓದುವ ಯಂತ್ರಕ್ಕೆ ದಿಕ್ಕು ತಿಳಿಯುವುದು ಇವುಗಳಿಂದ. ಉಳಿದೆರಡು ಅಂಚುಗಳಲ್ಲಿ ಕಪ್ಪು ಬಿಳಿ ಒಂದಾದ ಮೇಲೊಂದು ಬರುತ್ತವೆ; ಮನೆಗಳನ್ನು ಎಣಿಸುವುದು ಇವುಗಳಿಂದ. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ಪ್ರಕಟಿಸಿದ ವಿಧಾನದ ನೆರವಿನಿಂದ, ಮಳೆಹನಿ ಬಿದ್ದು ಒಂದಿಷ್ಟು ಭಾಗ ಅಳಿಸಿದರೂ ಉಳಿದುದರಿಂದ ಪೂರ್ಣ ಸಂದೇಶವನ್ನು ಪಡೆಯಬಹುದು. ಒಳಗಿರುವುದು ಸುಂಕದ ಮೊತ್ತ, ತಾರೀಖು, ಪರವಾನಗಿಯ ಗುರುತುಸಂಖ್ಯೆ, ಆ ಹಳೆಯ ಏರುವ ಇಳಿಯುವ ಲೆಕ್ಕಗಳು, ಮತ್ತು ಸಹಿ.

ಈ ಲೆಕ್ಕಗಳಲ್ಲಿಯೇ ಜಾಣ್ಮೆ ಅಡಗಿದೆ. ವ್ಯಾಪಾರಿ 10000 ಸೆಂಟುಗಳನ್ನು ತುಂಬಿ, ತಲಾ 48 ಸೆಂಟಿನ 40 ಕಾಗದಗಳನ್ನು ಕಳುಹಿಸಿದನೆನ್ನೋಣ. ಏರುವ ಲೆಕ್ಕ 1920, ಇಳಿಯುವ ಲೆಕ್ಕ 8080. ನಲವತ್ತೊಂದನೆಯ ಕಾಗದದ ಮೇಲೆ 1968 ಮತ್ತು 8032 ಬೀಳುತ್ತವೆ. ಕೂಡಿದರೆ ಎಂದೆಂದಿಗೂ 10000. ಏರುವ ಲೆಕ್ಕ ಹಿಂದಕ್ಕೆ ಸರಿಯುವುದಿಲ್ಲವಾದುದರಿಂದ ಒಂದೇ ಪರವಾನಗಿಯಲ್ಲಿ 1968 ಎಂಬ ಸಂಖ್ಯೆ ಎರಡು ಸಲ ಕಾಣಿಸಿಕೊಂಡರೆ ಎರಡನೆಯದು ನಕಲೇ ಸರಿ. ಸಹಿಯು ಮೊದಲನೆಯ ಅಪಾಯವನ್ನು ತಡೆಯಿತು. ಎರಡನೆಯದನ್ನು ತಡೆಯಲು ಸಹಿಗೆ ಶಕ್ತಿಯಿಲ್ಲ, ಏಕೆಂದರೆ ನಕಲಿನ ಮೇಲಿನ ಸಹಿಯೂ ಸಾಚಾ ಸಹಿಯೇ. ಅದನ್ನು ತಡೆಯುವುದು ನೆನಪು: ಬಂದುಹೋದ ಸಂಖ್ಯೆಗಳ ದಾಖಲೆ.

ಇಲಾಖೆಗೂ ಇದರಿಂದ ಶ್ರಮ ಕಡಿಮೆ. ಆದಕಾರಣವೇ 2014ರ ಜನವರಿಯಲ್ಲಿ ಅಮೆರಿಕದಲ್ಲಿ ಚೀಟಿ ಅಂಟಿಸಿದ ಕಾಗದಕ್ಕೆ 49 ಸೆಂಟು, ಹೀಗೆ ಮುದ್ರಿಸಿದುದಕ್ಕೆ 48 ಸೆಂಟು ಎಂದು ದರ ಗೊತ್ತುಮಾಡಿದರು. ಆದರೆ ಲಾಭದ ಜೊತೆಗೆ ನಷ್ಟವೂ ಉಂಟು. ಅಂಗಡಿಯಲ್ಲಿ ಕೊಂಡ ಚೀಟಿ ತನ್ನನ್ನು ಕೊಂಡವರಾರೆಂದು ಹೇಳದು. ಮುದ್ರಿತ ಚೌಕವಾದರೋ ಹೇಳಿಬಿಡುತ್ತದೆ. ಹೆಸರಿಲ್ಲದೆ ಕಾಗದ ಬರೆಯುವ ಸ್ವಾತಂತ್ರ್ಯ ಅಲ್ಪವಾದುದೆಂದು ನಾವು ಭಾವಿಸಲಾರೆವು.

ಈಚೆಗೆ ಸಾಮಾನ್ಯ ಚೀಟಿಗೂ ಈ ಚೌಕ ಬಂದಿದೆ. ಜರ್ಮನಿಯಲ್ಲಿ 2021ರಲ್ಲಿ, ಬ್ರಿಟನ್ನಿನಲ್ಲಿ 2022ರಲ್ಲಿ ಇದು ಆರಂಭವಾಯಿತು. ಬ್ರಿಟನ್ನಿನಲ್ಲಿ ಖೋಟಾ ಎಂದು ಯಂತ್ರ ತೀರ್ಮಾನಿಸಿದ ಚೀಟಿಗಾಗಿ ಕಾಗದ ಪಡೆದವರಿಂದ 5 ಪೌಂಡು ಕೇಳತೊಡಗಿದಾಗ, ಚೀಟಿಯನ್ನು ಅಂಚೆ ಕಚೇರಿಯಲ್ಲೇ ಕೊಂಡಿದ್ದೆವೆಂದು ಹಲವರು ದೂರಿದರು. 2024ರ ಏಪ್ರಿಲಿನಲ್ಲಿ ಆ ವಸೂಲಿಯನ್ನು ತಡೆಹಿಡಿಯಲಾಯಿತು. ಒಂದೇ ಸಂಖ್ಯೆಯ ಎರಡು ಚೌಕಗಳು ಬಂದರೆ, ಎರಡನೆಯದಾಗಿ ಬಂದುದು ಯಾವುದೆಂದಷ್ಟೇ ದಾಖಲೆ ಹೇಳಬಲ್ಲುದು. ಹಣ ಕೊಟ್ಟು ಕೊಂಡವನ ಕಾಗದ ಯಾವುದೆಂಬುದನ್ನು ಅದು ಹೇಳಲಾರದು.