ಬಟಾಣಿಯ ಲೆಕ್ಕಕ್ಕೆ ಸಿಗದ ಪ್ರಶ್ನೆ

ಸಿರುಗುಪ್ಪದ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ‘ಅನುವಂಶೀಯತೆ’ ಪಾಠ ಮಾಡಿದೆ. ಮೆಂಡಲನ ಬಟಾಣಿ, 3:1 ಅನುಪಾತ ಎಲ್ಲವೂ ಪಾಠಯೋಜನೆಯಂತೆ ಮುಗಿದವು. ಗಂಟೆ ಹೊಡೆದ ಮೇಲೆ ಒಬ್ಬ ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು: “ಮೇಡಂ, ನಮ್ಮ ಸೋದರಮಾವಗ ತಲಿ ಸರಿ ಇಲ್ರಿ. ನನಗೂ ಹಂಗ ಆಗತೈತೇನ್ರಿ?”

“ಜೀನ್ ಬಂದಿದ್ದರೆ ಆಗಬಹುದು” ಎಂದುಬಿಟ್ಟೆ. ಅವಳ ಮುಖ ಬಾಡಿತು. ಬಳ್ಳಾರಿಗೆ ಮರಳಿ ಮಾರ್ಗದರ್ಶಕರಿಗೆ ಹೇಳಿದಾಗ, “ಓದಿಕೊಂಡು ಹೋಗಿ ಮತ್ತೆ ಉತ್ತರಿಸಿ” ಎಂದರು.

ಓದಿದೆ. ಮೆದುಳಿನ ನರಕೋಶಗಳು ಡೋಪಮಿನ್‌, ಗ್ಲುಟಮೇಟ್‌ನಂಥ ರಾಸಾಯನಿಕಗಳಿಂದ ಸಂದೇಶ ಕಳಿಸುತ್ತವೆ. ಅವನ್ನು ಹಿಡಿಯುವ ಪ್ರೋಟೀನುಗಳೇ ಗ್ರಾಹಕಗಳು; ಅವುಗಳ ರಚನೆಯ ಸೂಚನೆ ಜೀನುಗಳಲ್ಲಿದೆ. 2014ರ ಅಂತರರಾಷ್ಟ್ರೀಯ ಅಧ್ಯಯನವೊಂದು ಸ್ಕಿಜೋಫ್ರೇನಿಯಾಕ್ಕೆ ಸಂಬಂಧಿಸಿದ 108 ಜೀನೋಮ್ ಸ್ಥಾನಗಳನ್ನು ಗುರುತಿಸಿತು. ಡೋಪಮಿನ್ ಗ್ರಾಹಕದ ಡಿಆರ್‌ಡಿ2 ಜೀನಿನ ಸ್ಥಾನವೂ ಅವುಗಳಲ್ಲಿದೆ. ಆದರೆ ಇಂಥ ಒಂದೊಂದು ವ್ಯತ್ಯಾಸದ ಪ್ರಭಾವ ಬಹಳ ಚಿಕ್ಕದು. ಆರೋಗ್ಯವಂತರಲ್ಲೂ ಅವು ಇರುತ್ತವೆ. ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೂ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಂದರ್ಭಗಳಲ್ಲಿ. ಸೋದರಮಾವನಿಗೆ ಇದ್ದಾಗ ಬಹುಪಾಲು ಸೋದರಳಿಯ, ಸೊಸೆಯರಿಗೆ ಬರುವುದೇ ಇಲ್ಲ.

ಮುಂದಿನ ವಾರ ಕುರುಗೋಡಿನಲ್ಲಿ ಅದೇ ಪಾಠ. ಈ ಸಲ ಒಂದು ಚೀಲದಲ್ಲಿ ಹೆಸರುಕಾಳು, ತೊಗರಿಕಾಳು ಬೆರೆಸಿದ್ದೆ. ಒಂದು ತೊಗರಿ ಎಂದರೆ ಅಪಾಯವನ್ನು ತುಸುವೇ ಹೆಚ್ಚಿಸುವ ಒಂದು ವ್ಯತ್ಯಾಸ. ಪ್ರತಿ ಗುಂಪು ಒಂದೊಂದು ಹಿಡಿ ತೆಗೆದು ಎಣಿಸಿತು. “ಎಲ್ಲಾರ ಹತ್ರಾನೂ ತೊಗರಿ ಅದಾವ್ರಿ!” ಎಂದ ಒಬ್ಬ ಹುಡುಗ. ನನಗೆ ಬೇಕಿದ್ದ ಮಾತು ಅದೇ. ಕೆಲವರ ಹಿಡಿಯಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಅದರ ಜೊತೆಗೆ ಹೆರಿಗೆಯ ತೊಡಕು, ತೀವ್ರ ಒತ್ತಡ, ಹರೆಯದಲ್ಲಿ ಗಾಂಜಾ ಸೇವನೆ ಇವೂ ಸೇರುತ್ತವೆ ಎಂದು ವಿವರಿಸಿದೆ.

ಸಿರುಗುಪ್ಪಕ್ಕೆ ಹೋಗಿ ಆ ಹುಡುಗಿಯನ್ನು ಒಬ್ಬಳನ್ನೇ ಕರೆದು, “ಅವತ್ತು ನಾನು ಹೇಳಿದ್ದು ತಪ್ಪು” ಎಂದೆ. ಕೇಳಿಸಿಕೊಂಡು, “ಹಂಗಾದ್ರ ಮಾವಗ ಔಷಧಿ ಐತೇನ್ರಿ?” ಎಂದಳು. ಅವರ ಕಾಯಿಲೆ ಯಾವುದೆಂದು ವೈದ್ಯರೇ ಹೇಳಬೇಕು, ಆದರೆ ಚಿಕಿತ್ಸೆ ಇದೆ ಎಂದೆ. ಸ್ಕಿಜೋಫ್ರೇನಿಯಾದ ಬಹುತೇಕ ಔಷಧಿಗಳು ಕೆಲಸ ಮಾಡುವುದು ಆ ಡೋಪಮಿನ್ ಗ್ರಾಹಕದ ಮೇಲೆಯೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನೂ ಬರೆದುಕೊಟ್ಟೆ.

ಸಹಪ್ರಶಿಕ್ಷಣಾರ್ಥಿಗಳೇ, 3:1 ಕಲಿಸುವ ದಿನವೇ ಅದು ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನೂ ಪಾಠಯೋಜನೆಯಲ್ಲಿ ಬರೆದುಕೊಳ್ಳಿ.