ಕಾರು ಯಾಕೆ ತಿರುಗಲ್ಲ? ಪಾರ್ಕಿಂಗ್ ಲಾಟಿನಲ್ಲಿ ಟೈರುಗಳ ಲೆಕ್ಕ

ಇವತ್ತಿನ ಕಂತು ಶುರುವಾಗೋದು ನನ್ನದೇ ಒಂದು ಮುಜುಗರದಿಂದ.

ಹೋದ ಭಾನುವಾರ ಆಟೋಕ್ರಾಸ್‌ಗೆ ಹೋಗಿದ್ದೆ. ಭಾರತದಲ್ಲಿರೋ ಕೇಳುಗರಿಗೆ ಆಟೋಕ್ರಾಸ್ ಅಂದ್ರೆ ಸಾಮಾನ್ಯವಾಗಿ ಧೂಳೆಬ್ಬಿಸುವ ಮಣ್ಣಿನ ಟ್ರ್ಯಾಕ್ ನೆನಪಾಗುತ್ತೆ. ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ದೊಡ್ಡದೊಂದು ಖಾಲಿ ಪಾರ್ಕಿಂಗ್ ಲಾಟು ಅಥವಾ ಹಳೇ ರನ್‌ವೇ, ಅದರ ಮೇಲೆ ಕಿತ್ತಳೆ ಬಣ್ಣದ ಕೋನ್‌ಗಳಿಂದ ಮಾಡಿದ ದಾರಿ. ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡಿಸಬೇಕು. ಒಂದು ಕೋನ್ ಬಿದ್ರೆ 2 ಸೆಕೆಂಡ್ ದಂಡ. ವೇಗ ಹೈವೇ ವೇಗವನ್ನು ದಾಟೋದು ಅಪರೂಪ, ಹಾಗಾಗಿ ದಿನಾ ಆಫೀಸಿಗೆ ಹೋಗೋ ಕಾರನ್ನೇ ತರ್ತಾರೆ. ನಾನೂ ಅದನ್ನೇ ತಂದಿದ್ದೆ, ಮುಂದಿನ ಚಕ್ರ ಎಳೆಯುವ ಒಂದು ಹ್ಯಾಚ್‌ಬ್ಯಾಕ್.

ನನ್ನ ದೂರು ಒಂದೇ ಇತ್ತು: ಕಾರು ತಿರುಗಲ್ಲ. ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಮೂತಿ ಹೊರಗಡೆಗೇ ಜಾರುತ್ತೆ. ಇದನ್ನ ಅಂಡರ್‌ಸ್ಟಿಯರ್ ಅಂತಾರೆ. ಪರಿಹಾರವನ್ನೂ ನಾನೇ ಕಂಡುಹಿಡಿದಿದ್ದೆ, ಹಿಂದಕ್ಕೊಂದು ದಪ್ಪನೆಯ ಆಂಟಿ-ರೋಲ್ ಬಾರ್. ಆರ್ಡರ್ ಮಾಡೋದೊಂದೇ ಬಾಕಿ. ಅಷ್ಟರಲ್ಲಿ ಹೊಸಬರಿಗೆ ಹೇಳಿಕೊಡುವ ಹಿರಿಯರೊಬ್ಬರು ನನ್ನ ಕಾರನ್ನ ತಾವೇ ಒಂದು ಸುತ್ತು ಓಡಿಸಿದ್ರು. ಅದೇ ಟೈರು, ಅದೇ ಪೆಟ್ರೋಲು, ಮೇಲೆ ನನ್ನ ಭಾರವೂ ಪಕ್ಕದ ಸೀಟಿನಲ್ಲಿ. ನನಗಿಂತ ಮೂರು ಸೆಕೆಂಡ್ ಬೇಗ ಮುಗಿಸಿದ್ರು. ಒಂದು ಸ್ಕ್ರೂ ಕೂಡ ಮುಟ್ಟದೆ ಆ ಮೂರು ಸೆಕೆಂಡ್ ಎಲ್ಲಿಂದ ಬಂತು?

ಮೊದಲು ಟೈರಿನ ಆದಾಯ-ಖರ್ಚು ನೋಡೋಣ. ಬ್ರೇಕ್ ಹಾಕೋದಕ್ಕೂ ತಿರುಗೋದಕ್ಕೂ ಟೈರಿನ ಹತ್ತಿರ ಇರೋದು ಒಂದೇ ಹಿಡಿತ. ಪೂರ್ತಿ ಬ್ರೇಕಿಗೆ ಕೊಟ್ರೆ ತಿರುಗೋಕೆ ಏನೂ ಉಳಿಯಲ್ಲ. ಆದ್ರೆ ಈ ಲೆಕ್ಕ ಸರಳ ಕಳೆಯೋ ಲೆಕ್ಕ ಅಲ್ಲ, ಅದೊಂದು ವೃತ್ತ. ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರೋದ್ರಿಂದ ಪೈಥಾಗೊರಸ್ ಬರ್ತಾನೆ. ಬ್ರೇಕಿಗೆ 80% ಖರ್ಚು ಮಾಡಿದ್ರೆ ತಿರುವಿಗೆ 20% ಅಲ್ಲ, 60% ಉಳಿಯುತ್ತೆ. ಬ್ರೇಕಿಗೆ 50% ಕೊಟ್ರೆ ತಿರುವಿಗೆ ಸುಮಾರು 87%! ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಇನ್ನೊಂದು ಕಡೆ, ತಿರುವಿಗೆ ಬೇಕಾದ ಬಲ ವೇಗದ ವರ್ಗದ ಜೊತೆ ಬೆಳೆಯುತ್ತೆ. ಅದೇ ತಿರುವಿಗೆ 10% ಜಾಸ್ತಿ ವೇಗದಲ್ಲಿ ಬಂದ್ರೆ 21% ಜಾಸ್ತಿ ಹಿಡಿತ ಬೇಕು. ಅಷ್ಟು ಇಲ್ಲದಿದ್ರೆ ಕಾರು ತಾನೇ ದೊಡ್ಡ ವೃತ್ತ ಹಿಡಿಯುತ್ತೆ. ನಾವು ಅದಕ್ಕೆ "ತಿರುಗಲ್ಲ" ಅಂತ ಹೆಸರಿಡ್ತೀವಿ.

ಈಗ ಭಾರದ ವಿಷಯ. ಇಲ್ಲಿ ಬಹಳ ಜನ ಎಡವ್ತಾರೆ, ನಾನೂ ಎಡವಿದ್ದೆ. ತಿರುವಿನಲ್ಲಿ ಕಾರು ವಾಲುತ್ತೆ, ವಾಲೋದ್ರಿಂದಲೇ ಭಾರ ಹೊರಗಿನ ಚಕ್ರಗಳಿಗೆ ಹೋಗುತ್ತೆ, ವಾಲದ ಹಾಗೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ ಅನ್ನೋದು ನಮ್ಮ ಅಂದಾಜು. ಹಾಗಲ್ಲ. ಎಷ್ಟು ಭಾರ ವರ್ಗಾವಣೆ ಆಗುತ್ತೆ ಅನ್ನೋದನ್ನ ಮುಖ್ಯವಾಗಿ ತೀರ್ಮಾನಿಸೋದು ಕಾರಿನ ತೂಕ, ಅದರ ಗುರುತ್ವ ಕೇಂದ್ರದ ಎತ್ತರ, ಎಡ-ಬಲ ಚಕ್ರಗಳ ನಡುವಿನ ಅಗಲ, ಮತ್ತೆ ತಿರುವಿನ ವೇಗೋತ್ಕರ್ಷ. 1200 ಕೆಜಿ ಕಾರು, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರ, ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂದುಕೊಳ್ಳಿ. 0.9 ಜಿ ತಿರುವಿನಲ್ಲಿ 360 ಕೆಜಿ ಭಾರ ಒಳಗಿನಿಂದ ಹೊರಕ್ಕೆ ಹೋಗುತ್ತೆ. ಒಂದೊಂದು ಬದಿಗೆ 600 ಇದ್ದದ್ದು ಹೊರಗೆ 960, ಒಳಗೆ 240. ಸ್ಪ್ರಿಂಗ್ ಎಷ್ಟೇ ಗಟ್ಟಿ ಮಾಡಿದ್ರೂ ಈ ಮೊತ್ತ ಹೆಚ್ಚುಕಮ್ಮಿ ಇಷ್ಟೇ.

ಮೊತ್ತ 1200 ಹಾಗೇ ಇದೆಯಲ್ಲ, ನಷ್ಟ ಏನು ಅಂತ ಕೇಳಬಹುದು. ಶಾಲೆಯಲ್ಲಿ ಕಲಿತ ಪ್ರಕಾರ ಘರ್ಷಣೆ ಭಾರಕ್ಕೆ ನೇರ ಅನುಪಾತದಲ್ಲಿರುತ್ತೆ. ಆದ್ರೆ ರಬ್ಬರ್ ಟೈರು ಆ ಪಾಠ ಓದಿಲ್ಲ. ಭಾರ ಎರಡು ಪಟ್ಟಾದ್ರೆ ಹಿಡಿತ ಎರಡು ಪಟ್ಟಿಗಿಂತ ಸ್ವಲ್ಪ ಕಮ್ಮಿಯೇ ಆಗುತ್ತೆ. ಹೊರಗಿನ ಟೈರು ಗಳಿಸೋದಕ್ಕಿಂತ ಒಳಗಿನದು ಕಳೆದುಕೊಳ್ಳೋದೇ ಜಾಸ್ತಿ. ಹಾಗಾಗಿ ಎಡ-ಬಲ ಜೋಡಿಯಲ್ಲಿ ಭಾರ ಅಸಮವಾದಷ್ಟೂ ಆ ಜೋಡಿ ಬಡವಾಗುತ್ತೆ.

ಆಂಟಿ-ರೋಲ್ ಬಾರ್ ಕೆಲಸ ಮಾಡೋದು ಇಲ್ಲೇ. ಹಿಂದಿನ ಬಾರ್ ಗಟ್ಟಿ ಮಾಡಿದ್ರೆ ಆ 360 ಕೆಜಿಯ ವರ್ಗಾವಣೆಯಲ್ಲಿ ದೊಡ್ಡ ಪಾಲು ಹಿಂದಿನ ಜೋಡಿಯ ತಲೆಗೆ ಬರುತ್ತೆ. ಹಿಂದಿನ ಜೋಡಿ ಸ್ವಲ್ಪ ಹಿಡಿತ ಬಿಟ್ಟುಕೊಡುತ್ತೆ, ಮುಂದಿನ ಜೋಡಿಗೆ ಉಸಿರಾಡೋಕೆ ಜಾಗ ಸಿಗುತ್ತೆ, ಮೂತಿ ತಿರುಗುತ್ತೆ. ಇಂಥ ಕೂಟಗಳ ಫೋಟೋಗಳಲ್ಲಿ ಹ್ಯಾಚ್‌ಬ್ಯಾಕ್‌ಗಳು ಒಳಗಿನ ಹಿಂಚಕ್ರ ಎತ್ತಿಕೊಂಡು, ಕಂಬ ಕಂಡ ನಾಯಿಯ ಹಾಗೆ ಹೋಗೋದನ್ನ ನೋಡಿರ್ತೀರಿ. ಕಾರಣ ಇದೇ.

ಅಂದ್ರೆ ನನ್ನ ಐಡಿಯಾ ತಪ್ಪೇನಲ್ಲ. ಆದ್ರೆ ಮುಂದಿನ ಟೈರುಗಳನ್ನ ಬಡವಾಗಿಸ್ತಿದ್ದದ್ದು ಮುಖ್ಯವಾಗಿ ನನ್ನ ಕಾಲು.

ನಾನು ಮಾಡ್ತಿದ್ದದ್ದು ಹೀಗೆ: ನೇರದಲ್ಲಿ ಜೋರು ಬ್ರೇಕ್, ತಿರುವು ಬಂದ ಕೂಡಲೇ ಬ್ರೇಕ್‌ನಿಂದ ಕಾಲು ಪೂರ್ತಿ ತೆಗೆದು, ಸ್ಟೀರಿಂಗ್ ಎಳೆದು, ಗಾಬರಿಯಲ್ಲಿ ಆಕ್ಸಿಲರೇಟರ್. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬಂದು ಮುಂದಿನ ಟೈರುಗಳು ನೆಲಕ್ಕೆ ಒತ್ತಿಕೊಂಡಿರ್ತವೆ. ಸರಿಯಾಗಿ ಅವುಗಳ ಅಗತ್ಯ ಬಿದ್ದ ಕ್ಷಣದಲ್ಲಿ ನಾನು ಆ ಭಾರವನ್ನ ಹಿಂದಕ್ಕೆ ಕಳಿಸ್ತಿದ್ದೆ. ಮೇಲಿಂದ, ಎಳೆಯೋ ಕೆಲಸವೂ ಅದೇ ಟೈರುಗಳದ್ದು.

ಅವರು ಮಾಡಿದ್ದು ಬೇರೆ. ಸ್ಟೀರಿಂಗ್ ತಿರುಗಿಸ್ತಾ ತಿರುಗಿಸ್ತಾ ಬ್ರೇಕನ್ನ ಮೆತ್ತಗೆ ಬಿಡ್ತಾ ಹೋದ್ರು. ಇದನ್ನ ಟ್ರೈಲ್ ಬ್ರೇಕಿಂಗ್ ಅಂತಾರೆ. ಆ 87% ಲೆಕ್ಕ ನೆನಪಿದೆಯಾ? ಅರ್ಧ ಬ್ರೇಕ್ ಇದ್ರೂ ತಿರುಗೋಕೆ ಬೇಕಾದಷ್ಟು ಹಿಡಿತ ಉಳಿದಿರುತ್ತೆ, ಜೊತೆಗೆ ಮೂತಿಯ ಮೇಲೆ ಭಾರವೂ ಇರುತ್ತೆ. ಎಚ್ಚರಿಕೆ ಒಂದಿದೆ: ಇದನ್ನ ಒರಟಾಗಿ ಮಾಡಿದ್ರೆ ಹಿಂಭಾಗ ಹಗುರಾಗಿ ಕಾರು ಗಿರಕಿ ಹೊಡೆಯುತ್ತೆ. ಕೋನ್‌ಗಳ ನಡುವೆ ಅದು ನಗುವ ವಿಷಯ. ಮಂಜು ಬಿದ್ದ ಹೈವೇ ರ‍್ಯಾಂಪಿನಲ್ಲಿ ಅಲ್ಲ, ದಯವಿಟ್ಟು ಅಲ್ಲಿ ಪ್ರಯೋಗ ಬೇಡ.

ಎರಡನೇ ತಪ್ಪು ನನಗೆ ಗೊತ್ತಾಗಿದ್ದು ಕಾರಿನ ಹೊರಗೆ. ಆಟೋಕ್ರಾಸ್‌ನಲ್ಲಿ ಓಡಿಸಿದವರೇ ಸರದಿ ಮೇಲೆ ಬಿಸಿಲಲ್ಲಿ ನಿಂತು ಬಿದ್ದ ಕೋನ್ ಎತ್ತಿಡಬೇಕು. ಹಾಗೆ ನಿಂತಾಗ ಬೇರೆಯವರ ಮುಂಚಕ್ರ ನೋಡ್ತಿದ್ದೆ. ಚಕ್ರ ಮುಖ ಮಾಡಿರೋ ದಿಕ್ಕಿಗೂ ಅದು ನಿಜವಾಗಿ ಸಾಗೋ ದಿಕ್ಕಿಗೂ ನಡುವಿನದು ಜಾರುಕೋನ (ಕಿತ್ತಳೆ ಕೋನ್‌ಗೂ ಇದಕ್ಕೂ ನಂಟಿಲ್ಲ). ಈ ಕೋನ ಬೆಳೆದಂತೆ ತಿರುಗಿಸುವ ಬಲವೂ ಬೆಳೆಯುತ್ತೆ, ಒಣ ನೆಲದಲ್ಲಿ ರಸ್ತೆ ಟೈರುಗಳಿಗೆ ಸುಮಾರು 6ರಿಂದ 10 ಡಿಗ್ರಿವರೆಗೆ. ಆಮೇಲೆ ಇಳಿಯುತ್ತೆ. ನಿಧಾನಿಗಳ ಚಕ್ರ ಪೂರ್ತಿ ಅಡ್ಡ ತಿರುಗಿ ನೆಲ ಉಜ್ಜುತ್ತಿತ್ತು. ವೇಗಿಗಳದ್ದು ಅಷ್ಟು ತಿರುಗಿರಲೇ ಇಲ್ಲ! ಮೂತಿ ಜಾರಿದಾಗ ಸ್ಟೀರಿಂಗ್ ಇನ್ನಷ್ಟು ಎಳೆಯೋದು ಸಹಜ, ಆದ್ರೆ ಬಿಡಿಸಬೇಕಾದದ್ದು ಆಗಲೇ. ಸುಳಿವೂ ಕೈಗೇ ಸಿಗುತ್ತೆ. ಹಿಡಿತದ ತುದಿ ಹತ್ತಿರ ಬಂದಾಗ ಸ್ಟೀರಿಂಗ್ ಹಗುರಾಗುತ್ತೆ.

ಮೂರನೆಯದು ದಾರಿ. ಅಗಲವಾಗಿ ತಿರುಗಿದ್ರೆ ವೇಗ ಜಾಸ್ತಿ, ಅದೇ ಒಳ್ಳೇದು ಅಂದುಕೊಂಡಿದ್ದೆ. 1 ಜಿ ಹಿಡಿತದಲ್ಲಿ 15 ಮೀಟರ್ ತ್ರಿಜ್ಯದ ಯು-ಟರ್ನ್ ಗಂಟೆಗೆ 44 ಕಿ.ಮೀ.ಗೆ ಸಾಧ್ಯ, 18 ಮೀಟರಿನದು 48ಕ್ಕೆ. ಆದ್ರೆ ಅರ್ಧ ವೃತ್ತ ಮುಗಿಸೋಕೆ ಚಿಕ್ಕದಕ್ಕೆ 3.9 ಸೆಕೆಂಡ್, ದೊಡ್ಡದಕ್ಕೆ 4.3. ದೂರ ತ್ರಿಜ್ಯದ ಜೊತೆ ಬೆಳೆಯುತ್ತೆ, ವೇಗ ಅದರ ವರ್ಗಮೂಲದಷ್ಟೇ. ಮುಂದೆ ಉದ್ದ ನೇರ ದಾರಿ ಇದ್ರೆ ಹೊರಬರೋ ವೇಗಕ್ಕೆ ಬೆಲೆ, ಇಲ್ಲದಿದ್ರೆ ಕೋನ್‌ಗೆ ಅಂಟಿಕೊಂಡು ಹೋಗೋದೇ ಲಾಭ.

ಸೆಟಪ್‌ಗೆ ಏನೂ ಬೆಲೆ ಇಲ್ವಾ ಅಂದ್ರೆ, ಇದೆ. ಖರ್ಚಿಲ್ಲದ್ದು ಗಾಳಿ ಒತ್ತಡ. ಟೈರಿನ ಭುಜದ ಮೇಲೆ ಚಾಕ್ ಬಳಿದು ಒಂದು ಸುತ್ತು ಹೋಗಿ ಬಂದು ನೋಡಿ. ಅಂಚಿನ ಚಿಕ್ಕ ತ್ರಿಕೋನ ಗುರುತು ದಾಟಿ ಪಕ್ಕದ ಗೋಡೆಯ ಚಾಕೂ ಅಳಿಸಿದ್ರೆ ಟೈರು ಮಗುಚಿಕೊಳ್ತಿದೆ ಅಂತ, ಸ್ವಲ್ಪ ಗಾಳಿ ಹಾಕಿ. ಮುಂದಿನ ಟೈರಿನ ಹೊರ ಅಂಚು ಮಾತ್ರ ಸವೀತಿದ್ರೆ ಕ್ಯಾಂಬರ್ ನೋಡಿಸಿ, ಅಂದ್ರೆ ಚಕ್ರದ ಮೇಲ್ತುದಿಯನ್ನ ಒಳಕ್ಕೆ ಸ್ವಲ್ಪ ವಾಲಿಸೋದು. ಬಾರ್ ಅದಾದ ಮೇಲೆ.

ಕೊನೆಯ ಸುತ್ತಿನಲ್ಲಿ ನನಗೆ ಅವರ ಮೂರರಲ್ಲಿ ಒಂದೂವರೆ ಸೆಕೆಂಡ್ ಸಿಕ್ತು, ಜೊತೆಗೆ ಎರಡು ಕೋನ್‌ಗಳೂ ಬಿದ್ದವು. 4 ಸೆಕೆಂಡ್ ದಂಡ. ಬಾರ್ ಇನ್ನೂ ಆನ್‌ಲೈನ್ ಕಾರ್ಟಿನಲ್ಲೇ ಕೂತಿದೆ.